ಎಮ್ಮೆಗಾಗಿ ಉಟ್ಟ ಸೀರೆ

ಎಪ್ಪತ್ತರ ದಶಕದ ಹಿರೇಕೆರೂರು. ಬೇಸಿಗೆಯ ಕೊನೆಗೆ ಹತ್ತಿ ವ್ಯಾಪಾರ ನಿಂತೊಡನೆ ಪಕ್ಕದ ಮನೆಯ ಸಾಹುಕಾರರ ಕುಟುಂಬ ಎಂಟು ದಿನ ಕಾರವಾರದ ಸಮುದ್ರಕ್ಕೆ ಹೋಗುತ್ತಿತ್ತು. ಅವರ ಎಮ್ಮೆಯ ಚಾಕರಿ ನಮಗೆ. ಒಡತಿಯ ಸೀರೆಯ ವಾಸನೆ ಸಿಗದಿದ್ದರೆ ಅದು ಹಾಲು ಬಿಡುತ್ತಿರಲಿಲ್ಲ. ಅವ್ವ ಆಕೆಯ ಹಳೆಯ ಸೀರೆ ಉಟ್ಟೇ ಹಿಂಡಬೇಕಿತ್ತು. ನಾನು ಸಗಣಿ ಬಳಿಯುತ್ತ, ಅವರ ಮಗಳು ಮರಳಲ್ಲಿ ಆಡುವುದನ್ನು ನೆನೆದು, ಜಡಿಮಳೆ ಹಿಡಿದು ಅವರೆಲ್ಲ ಕೋಣೆಯಲ್ಲೇ ಕೊಳೆಯಲಿ ಎಂದು ಶಪಿಸುತ್ತಿದ್ದೆ.

ಒಂದು ವರ್ಷ ಹಾಗೇ ಆಯಿತು. ಮರಳಿ ಬಂದ ಸಾಹುಕಾರ್ತಿ ನಗುತ್ತಲೇ ಹೇಳಿದರು: “ಹೊರಗ ಕಾಲಿಡಾಕ ಆಗಲಿಲ್ಲ ನೋಡ್ರಿ. ಎಂಟು ದಿನ ಬರೇ ಕಿಡಕಿ ಮುಂದ ಕುಂತು ಸಮುದ್ರ ನೋಡಿದ್ವಿ.”

ಬರೇ ಕುಂತು! ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ಸೀರೆ ವಾಪಸು ಕೊಡಲು ಬಂದಿದ್ದ ಅವ್ವ ಅದನ್ನು ಮತ್ತೆ ಕಂಕುಳಲ್ಲಿ ಅದುಮಿಕೊಂಡಳು.

“ಮುಂದಿನ ವರ್ಷ ಇದನ್ನ ಉಟ್ಕೊಂಡು ನಾ ಹೋಗ್ತೇನ್ರಿ. ಎಮ್ಮಿ ನೀವ ಹಿಂಡ್ರಿ.”