ನನ್ನ ಗಂಟಲು, ಅತ್ತೆಯವರ ಗಂಟಲು

ನಾನು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಮೊಳಕೆ ಪರೀಕ್ಷೆ ಮಾಡುವವನು. ಒದ್ದೆ ಕಾಗದದ ಮೇಲೆ ಬೀಜ ಜೋಡಿಸಿ, ಎಷ್ಟು ಮೊಳೆತವು ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಕಳೆದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ, ಮೆಣಸಿನಕಾಯಿ ಮಾದರಿ ತರಲು ಬ್ಯಾಡಗಿ ಮಾರುಕಟ್ಟೆಗೆ ಹೋಗಿ ಬಂದ ಮರುದಿನ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಘಾಟು ಇರಬೇಕೆಂದು ಬಿಸಿನೀರು ಕುಡಿದೆ. ಎರಡು ದಿನಕ್ಕೆ ಕೆಮ್ಮು ಹೋಯಿತು, ಅದು ಮಾತ್ರ ಹೋಗಲಿಲ್ಲ. ಕಡಲೆಕಾಳಿನಷ್ಟಿತ್ತು, ನಡುಗಂಟಲಿಗಿಂತ ಸ್ವಲ್ಪ ಎಡಕ್ಕೆ. ವಿಚಿತ್ರವೆಂದರೆ ರೊಟ್ಟಿ ಇಳಿಯುತ್ತಿತ್ತು, ಅನ್ನ ಇಳಿಯುತ್ತಿತ್ತು. ಬರೀ ಉಗುಳು ನುಂಗಿದಾಗ ಅಡ್ಡ ಬರುತ್ತಿತ್ತು.

ರಾಣೆಬೆನ್ನೂರಿನ ಗಂಟಲಿನ ಡಾಕ್ಟರು ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ನಳಿಗೆ ಇಳಿಸಿ ನೋಡಿದರು. ಕುತ್ತಿಗೆಯ ಸ್ಕ್ಯಾನ್ ಕೂಡ ಆಯಿತು.

"ಏನೂ ಇಲ್ಲರಿ. ಭಾಳ ಮಂದಿಗೆ ಹಿಂಗ ಆಕ್ಕತಿ. ಅದರ ಕಡೆ ಲಕ್ಷ್ಯ ಕೊಡಬ್ಯಾಡ್ರಿ," ಎಂದರು.

ಬಸ್ ಸ್ಟ್ಯಾಂಡ್ ತಲುಪುವವರೆಗೆ ಹಗುರವಾಗಿದ್ದೆ. ಅಲ್ಲಿ ಹೊಳೆಯಿತು: ನಳಿಗೆ ಹಾಕಿದ್ದು ಬಲಗಡೆಯ ಮೂಗಿಗೆ. ನನ್ನದು ಇರುವುದು ಎಡಗಡೆ.

ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ತಾಳ್ಮೆಯವಳು. ಆದರೆ "ನನ್ನ ದನಿ ಬದಲಾಗೇತೇನು?" ಎಂದು ದಿನಕ್ಕೆ ಮೂರು ಸಲ ಕೇಳಿದರೆ ಯಾರ ತಾಳ್ಮೆ ಉಳಿದೀತು? ವರದಿಗಳನ್ನು ಕಪಾಟಿನಲ್ಲಿಟ್ಟು, "ಇನ್ನ ಸಾಕು. ಮತ್ತ ದವಾಖಾನಿ ಅಂದ್ರ ನನ್ನ ಕೂಡ ಮಾತಾಡಬ್ಯಾಡ್ರಿ," ಎಂದಳು.

ಹಾಗಾಗಿ ಅವಳಿಗೆ ಹೇಳದೆ ರಜೆ ಹಾಕಿ ಹಾವೇರಿಗೆ ಹೋದೆ. ಅಲ್ಲಿಯ ಡಾಕ್ಟರೂ ನಳಿಗೆ ಇಳಿಸಿ ನೋಡಿ ಅದನ್ನೇ ಹೇಳಿದರು. ವರದಿ ಹಿಡಿದು ಹೊರಬರುತ್ತೇನೆ, ಕಣ್ಣಿನ ವಿಭಾಗದ ಬೆಂಚಿನ ಮೇಲೆ ನಮ್ಮ ಅತ್ತೆ ಕುಳಿತಿದ್ದಾರೆ! ಹಲಗೇರಿಯಿಂದ, ಪೊರೆ ತೆಗೆಸಿಕೊಂಡ ಕಣ್ಣು ತೋರಿಸಲು ಒಬ್ಬರೇ ಬಂದಿದ್ದರು.

"ನೀವ್ಯಾಕ ಇಲ್ಲಿ, ಅಳಿಯಂದ್ರ?"

"ಸುಮ್ಮನ ಬಂದಿದ್ನಿರಿ."

ಸುಮ್ಮನೆ ಯಾರೂ ಆಸ್ಪತ್ರೆಗೆ ಬರುವುದಿಲ್ಲವೆಂದು ಅವರಿಗೂ ಗೊತ್ತು. ಖಾನಾವಳಿಯಲ್ಲಿ ಊಟಕ್ಕೆ ಕುಳಿತಾಗ ನಾನು ರೊಟ್ಟಿ ನುಂಗುವುದನ್ನೇ ನೋಡುತ್ತಿದ್ದರು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ.

"ಅಷ್ಟ ಏನು? ನನಗೂ ಐತಿ. ನಿಮ್ಮ ಹೆಂಡ್ತಿ ಹುಟ್ಟಿದಾಗಿಂದ ಐತಿ."

"ತೋರಿಸೀರೇನ್ರಿ?"

"ಯಾಕ ತೋರಸಬೇಕು? ಊಟ ಇಳೀತತಿ, ಕೆಲಸ ನಡೀತತಿ," ಎಂದು ಪಲ್ಯ ಬಡಿಸಿಕೊಂಡರು.

ಮೂವತ್ತು ವರ್ಷ ಇದ್ದೂ ಏನೂ ಆಗಿಲ್ಲವೆಂದರೆ ನಾನು ಧೈರ್ಯ ತಂದುಕೊಳ್ಳಬೇಕಿತ್ತು. ಆಗಿದ್ದು ಬೇರೆ. ಮೂವತ್ತು ವರ್ಷ ಯಾರೂ ನೋಡೇ ಇಲ್ಲವಲ್ಲ ಎಂಬ ಹೆದರಿಕೆ ಹತ್ತಿತು. ಅವರಿಗಾಗಿ ಹೆದರಿದೆನೋ ನನಗಾಗಿಯೋ, ಈಗಲೂ ಹೇಳಲಾರೆ. ಬ್ಯಾಡ ಬ್ಯಾಡ ಎಂದರೂ ಬಿಡದೆ ಒತ್ತಾಯ ಮಾಡಿದೆ. ಅಳಿಯನ ಮಾತು ಮೀರಬಾರದೆಂದು ಎದ್ದು ಬಂದರು. ಅದೇ ಡಾಕ್ಟರು, ಅದೇ ನಳಿಗೆ. ಅತ್ತೆ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆಯ ಗುರುತು ಸಂಜೆಯವರೆಗೂ ಇತ್ತು.

"ಏನೂ ಇಲ್ಲ ಅಜ್ಜಿ, ಆರಾಮಿದ್ದೀರಿ," ಎಂದರು ಡಾಕ್ಟರು. ಅತ್ತೆಯವರನ್ನು ಬಸ್ಸಿಗೆ ಹತ್ತಿಸಿ, ದೊಡ್ಡ ಉಪಕಾರ ಮಾಡಿದವನಂತೆ ಮನೆಗೆ ಬಂದೆ.

ವಾರದ ನಂತರ, ಬೀಜ ಜೋಡಿಸುತ್ತಿದ್ದಾಗ, ಅತ್ತೆಯವರ ಫೋನು ಬಂತು.

"ಅಳಿಯಂದ್ರ, ಆ ನಳಿಗಿ ಬಲಗಡೆ ಮೂಗಿನ್ಯಾಗ ಹಾಕಿದ್ರು ನೋಡ್ರಿ. ನಂದು ಎಡಗಡೆ ಐತಿ. ಅವರಿಗೆ ಕಾಣಿಸಿತ್ತೋ ಇಲ್ಲೋ?"

ಕೈಯಲ್ಲಿದ್ದ ಚಿಮಟ ಕೆಳಗಿಟ್ಟೆ. ಮೂಗಿನ ವಿಷಯ ನಾನು ಖಾನಾವಳಿಯಲ್ಲಿ ಹೇಳಿದ್ದೆನೇ? ನೆನಪಾಗಲಿಲ್ಲ. ಹೇಳದೇ ಇದ್ದರೆ ಅವರಿಗೆ ತಾನಾಗಿ ಹೇಗೆ ಹೊಳೆಯಿತು?

"ಏನೂ ಇಲ್ಲರಿ. ಎಲ್ಲಾ ಕಡೆ ಕಾಣಸ್ತತಿ," ಎಂದೆ.

"ಹಂಗಾರ ಯಾಕ ಸಿಕ್ಕೊಂಡಂಗ ಆಕ್ಕತಿ? ಮೊದಲು ನನಗ ಅದರ ನೆಪ್ಪ ಇರ್ತಿರಲಿಲ್ಲ. ಈಗ ಕುಂತ್ರೂ ಅದ, ನಿಂತ್ರೂ ಅದ."

ಹೆಂಡತಿಗೆ ತಾಯಿಯಿಂದಲೇ ಎಲ್ಲ ತಿಳಿಯಿತು. "ನೀವೊಬ್ರು ಸಾಲಲಿಲ್ಲಂತ ನಮ್ಮವ್ವಗೂ ಹಚ್ಚಿದ್ರಿ?" ಎಂದಳು.

ಆಮೇಲೆ ಅತ್ತೆಯವರ ಫೋನು ದಿನಾ ಬರತೊಡಗಿತು. ಒಮ್ಮೆ ಎಡಕ್ಕೆ, ಒಮ್ಮೆ ನಡುವೆ, ಒಮ್ಮೆ ಕೆಳಗೆ ಸರಿದಿದೆ ಎನ್ನುವರು. ಕೇಳುತ್ತ ಕೇಳುತ್ತ ಒಂದು ದಿನ ಗಮನಿಸಿದೆ, ಬೆಳಗಿನಿಂದ ನಾನು ನನ್ನದನ್ನು ನೆನೆಸಿಯೇ ಇಲ್ಲ. ನೆನೆಸಿದೊಡನೆ ಉಗುಳು ನುಂಗಿ ನೋಡಿದೆ. ಇತ್ತು, ಆದರೆ ಸಣ್ಣದಾಗಿತ್ತು. ಖುಷಿಪಡಲು ನಾಚಿಕೆಯಾಯಿತು.

ಕೊನೆಗೆ ಹೆಂಡತಿಯೇ ತಾಯಿಯನ್ನು ದಾವಣಗೆರೆಗೆ ಕರೆದೊಯ್ದಳು. ನಾನೂ ಹೋದೆ. ಅಲ್ಲಿಯ ಡಾಕ್ಟರಮ್ಮ ಮತ್ತೆ ನಳಿಗೆ ಹಾಕಲಿಲ್ಲ. ಅರ್ಧ ತಾಸು ಕೂರಿಸಿಕೊಂಡು ಮನೆ, ಹೊಲ, ನಿದ್ದೆ ಎಲ್ಲ ವಿಚಾರಿಸಿ, ಹೊಟ್ಟೆಯಿಂದ ಗಂಟಲಿಗೆ ಏರುವ ಹುಳಿಗೆ ಒಂದು ಮಾತ್ರೆ ಬರೆದು, ತಿಂಗಳು ಬಿಟ್ಟು ಬನ್ನಿ ಎಂದರು. ಹೊರಡುವಾಗ ನನ್ನ ಕಡೆ ತಿರುಗಿ, "ಫೋನಿನ್ಯಾಗ ಗಂಟಲಿನ ಸುದ್ದಿ ಬಿಟ್ಟು ಬ್ಯಾರೆ ಮಾತಾಡ್ರಿ," ಎಂದರು. ಆ ಮಾತು ಯಾರಿಗೆ ಹೇಳಿದ ಮದ್ದು ಎಂದು ನನಗೆ ತಿಳಿಯಲಿಲ್ಲ.

ಕಳೆದ ಭಾನುವಾರ ಹಲಗೇರಿಗೆ ಹೋಗಿದ್ದೆವು. ಅತ್ತೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಹೆಂಡತಿ ಒಳಗೆ ಹೋದದ್ದು ನೋಡಿಕೊಂಡು ಮೆಲ್ಲಗೆ ಕೇಳಿದೆ, "ಹೆಂಗೈತ್ರಿ?"

"ಕಮ್ಮಿ ಆಗೇತಿ ಅನಸ್ತತಿ. ಆಗಿಲ್ಲ ಅಂತನೂ ಅನಸ್ತತಿ. ನಿಮ್ಮದು?"

"ನಂದೂ ಹಂಗರಿ."

ಅವರು ಒಂದು ಹಿಡಿ ಶೇಂಗಾ ನನ್ನ ಮುಂದೆ ಸರಿಸಿದರು. ನಾನೂ ಸುಲಿಯುತ್ತ ಕುಳಿತೆ.