ತಿರುಗಿ ನೋಡದೆ ಎತ್ತಿದ ಬಾವುಟ

ಚೌರಪ್ಪಣ್ಣ, ಅಂದು ಕ್ವಾರಿಯಲ್ಲಿ ತಪ್ಪು ಮಾಡಿದ್ದು ನೀವಲ್ಲ, ನಾನು. ಬಾವುಟ ಎತ್ತಿದ್ದೆ. ಎತ್ತಿರಲಿಲ್ಲ ಎಂದು ಸುಳ್ಳು ಹೇಳಿದೆ. ಇದು ನಿಮಗೆ ಮೊದಲಿನಿಂದಲೂ ಗೊತ್ತು — ನನ್ನ ಬಾಯಿಂದ ಮಾತ್ರ ಕೇಳಿಲ್ಲ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬೇರೆಯವರೂ ಓದಲಿ ಎಂದು. ಹರವೆಯ ಹತ್ತಿರದ ಆ ಕರಿಕಲ್ಲಿನ ಕ್ವಾರಿಯಲ್ಲಿ ನೀವು ಮದ್ದು ತುಂಬಿ ಬತ್ತಿ ಹಚ್ಚುವವರು, ನಾನು ಬಿ.ಕಾಂ. ಮುಗಿಸಿ ಹೊಸದಾಗಿ ಸೇರಿದ ಮೇಲ್ವಿಚಾರಕ. ಮಧ್ಯಾಹ್ನ ಕೆಲಸದವರೆಲ್ಲ ಊಟಕ್ಕೆ ದೂರ ಹೋದ ಮೇಲೆ ಬಂಡೆ ಸಿಡಿಸುತ್ತಿದ್ದರು. ಅದಕ್ಕೆ ಮುಂಚೆ ನಾನು ದಿಬ್ಬ ಹತ್ತಿ, ಆಚೆಯ ಕಾಲುದಾರಿಯಲ್ಲಿ ಯಾರೂ ಇಲ್ಲವೆಂದು ನೋಡಿ, ಇಳಿದು ಬಂದು ಕೆಂಪು ಬಾವುಟ ಎತ್ತಬೇಕು. ಅದು ಕಂಡ ಮೇಲೆ ನೀವು ಬೆಂಕಿ ಇಡಬೇಕು.

ಅಂದು ನಾನು ದಿಬ್ಬ ಹತ್ತಲಿಲ್ಲ. ಬಿಸಿಲಿತ್ತು. ಕೈಯಲ್ಲಿ ಬ್ಯಾಂಕ್ ಪರೀಕ್ಷೆಯ ಗೈಡು. ಲಾರಿಯ ನೆರಳಲ್ಲಿ ಕೂತಿದ್ದವನು ಓದುತ್ತಿದ್ದ ಪುಟಕ್ಕೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಬಾವುಟ ಎತ್ತಿದೆ —

ಆಮೇಲೆ ಆ ಸದ್ದು. ನನ್ನ ತಲೆಯ ಮೇಲೆ ಬರ್ರೆಂದು ಹಾರಿಹೋದ ಕಲ್ಲು. ನನ್ನ ಮೇಲೇ ಬೀಳಬಹುದಿತ್ತು. ದಿಬ್ಬದಾಚೆ ಸೌದೆ ಹೊತ್ತು ಬರುತ್ತಿದ್ದ ಹರವೆಯ ಮಾದಮ್ಮನ ಮೇಲೆ ಬಿತ್ತು. ಓಡಿಹೋಗಿ ನೋಡಿದಾಗ ಉಸಿರಿರಲಿಲ್ಲ. ಹೊರೆಗೆ ಕಟ್ಟಿದ ಹಗ್ಗ ಮಾತ್ರ ಬಿಚ್ಚಿರಲಿಲ್ಲ. ಇವತ್ತಿಗೂ ಎಲ್ಲಾದರೂ ಲಾರಿಯ ಟೈರು ಸಿಡಿದರೆ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕರಿಸುತ್ತೇನೆ. ಮನಸ್ಸಿನಲ್ಲಿ ಆ ದಿಬ್ಬ ಹತ್ತುತ್ತೇನೆ — ಹದಿನೈದು ಹೆಜ್ಜೆ, ಇಪ್ಪತ್ತು — ಮಾದಮ್ಮನನ್ನು ಕೂಗುತ್ತೇನೆ, ಆಕೆ ನಿಲ್ಲುತ್ತಾಳೆ...

ಬಾವುಟ ಎತ್ತುವ ಮೊದಲೇ ಚೌರಪ್ಪ ಬತ್ತಿ ಹಚ್ಚಿಬಿಟ್ಟ ಎಂದು ಪೊಲೀಸರಿಗೆ ಹೇಳಿದೆ. ಓದಿದವನ ಮಾತು, ನಂಬಿದರು. "ಬಾವ್ಟ ನೋಡೇ ಅಚ್ದೆ ಸ್ವಾಮಿ" ಎಂದಿರಿ ನೀವು, ಒಂದೇ ಸಲ. ಬರೆದುಕೊಳ್ಳುತ್ತಿದ್ದವರು ತಲೆ ಎತ್ತಲಿಲ್ಲ. ನಿಮ್ಮನ್ನು ಕರೆದೊಯ್ಯುವಾಗ ಹರವೆಯ ಜನ ಮುಖಕ್ಕೆ ಉಗಿದರು. ಕೋರ್ಟಿನಲ್ಲೂ ಅದೇ ಸುಳ್ಳು ಹೇಳಿದೆ, ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ. ನಿಮಗೆ ಆರು ತಿಂಗಳ ಜೈಲಾಯಿತು.

ಶಿಕ್ಷೆ ಮುಗಿಸಿ ಬಂದ ಮೊದಲ ಭಾನುವಾರವೇ ನೀವು ನಾವಿಬ್ಬರೂ ಹೋಗುತ್ತಿದ್ದ ಚರ್ಚಿಗೆ ಬಂದಿರಿ. ಪೂಜೆಯಲ್ಲಿ ಪರಮಪ್ರಸಾದಕ್ಕೆ ಮುಂಚೆ ಪಕ್ಕದವರಿಗೆ ಕೈಮುಗಿದು ಶಾಂತಿ ಕೋರುವ ಹೊತ್ತು. ಹಿಂದಿನ ಸಾಲಿನಿಂದ ಎದ್ದು ನಾನಿದ್ದಲ್ಲಿಗೆ ನಡೆದು ಬಂದಿರಿ. ಕೈಮುಗಿದಿರಿ.

"ಶಾಂತಿ ಕಣಪ್ಪ. ನಿನ್ ಮ್ಯಾಲೆ ನಾನೇನೂ ಕ್ವಾಪ ಮಡಿಕಂಡಿಲ್ಲ."

ನೀವೂ ಉಗಿದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ಕ್ಷಮೆಯನ್ನು ತೆಗೆದುಕೊಂಡರೆ ತಪ್ಪನ್ನು ಒಪ್ಪಿದಂತೆ — ಅಷ್ಟಕ್ಕೇ ಹೆದರಿ, ಕೈಮುಗಿಯದೆ ಹೊರಗೆ ಬಂದೆ. ಆಮೇಲೆ ಏಳು ವರ್ಷ ಚರ್ಚಿನ ಮೆಟ್ಟಿಲು ತುಳಿಯಲಿಲ್ಲ. "ಡಿಗ್ರಿ ಮಾಡ್ದೋರ್ಗೆ ದೇವ್ರು ಬ್ಯಾಡ್ವಾ?" ಎಂದು ಅವ್ವ ಚುಚ್ಚುತ್ತಿದ್ದಳು. ದೊಡ್ಡ ದೊಡ್ಡ ಮಾತಾಡಿ ಅವಳ ಬಾಯಿ ಮುಚ್ಚಿಸುತ್ತಿದ್ದೆ. ನನಗೆ ನಂಬಿಕೆ ಹೋಗಿರಲಿಲ್ಲ, ಹೋಗಿದ್ದರೆ ಸುಲಭವಾಗಿರುತ್ತಿತ್ತು.

ಬ್ಯಾಂಕಿನ ಕೆಲಸ ಸಿಕ್ಕಿತು. ಚಾಮರಾಜನಗರ ಜಿಲ್ಲೆಯಾದ ವರ್ಷ ಗುಂಡ್ಲುಪೇಟೆಗೆ ವರ್ಗವಾಯಿತು. ನೀವು ಊರು ಬಿಟ್ಟು ಅಲ್ಲೇ ಹತ್ತಿರದ ಭೀಮನಬೀಡಿನಲ್ಲಿ ಕೂಲಿ ಮಾಡುತ್ತಿದ್ದೀರೆಂದು ನನಗೆ ಗೊತ್ತಿರಲಿಲ್ಲ. ಕಳೆದ ತಿಂಗಳು ಬಸ್ ನಿಲ್ದಾಣದ ಹೋಟೆಲಿಗೆ ನೀವು ಟೀ ಕುಡಿಯಲು ಬಂದಾಗ ನಾನು ಮೂಲೆಯ ಬೆಂಚಿನಲ್ಲಿದ್ದೆ. ಹರವೆ ಕಡೆಯವನೊಬ್ಬ ನಿಮ್ಮತ್ತ ಬೆಂಕಿಪೊಟ್ಟಣ ಚಾಚಿದ.

"ಬೀಡಿ ಅಚ್ಕೊ ಚೌರ. ಇಲ್ಲಾ, ಅದ್ಕೂ ಬಾವ್ಟ ಎತ್ಬೇಕೇನ್ಲಾ?"

ಎಲ್ಲರೂ ನಕ್ಕರು. ನೀವೂ ಸ್ವಲ್ಪ ನಕ್ಕು, ಅರ್ಧ ಟೀ ಬಿಟ್ಟು ಹೋದಿರಿ. ನಾನು ಬಾಯಿ ತೆರೆಯಲಿಲ್ಲ — ಆಗಲೂ.

ಮರುದಿನ ಚರ್ಚಿಗೆ, ಪಾಪನಿವೇದನೆಗೆ ಹೋದೆ. ಫಾದರ್ ಪೂರ್ತಿ ಕೇಳಿದರು. ಆಮೇಲೆ, "ಅವರು ಕೇಳದೇನೇ ಕ್ಷಮಿಸಿದ್ರು, ನೀವು ಓಡಿಹೋದ್ರಿ. ದೇವರ ಹತ್ರಾನೂ ಅದನ್ನೇ ಮಾಡಿದ್ದೀರಿ" ಎಂದರು. ದೇವರ ಕ್ಷಮೆ ನನಗಿದೆ, ಆದರೆ ಕೆಡಿಸಿದ ಹೆಸರನ್ನು ಕೆಡಿಸಿದವನೇ ಹೋಗಿ ಸರಿಮಾಡಬೇಕು ಎಂದೂ ಹೇಳಿದರು.

ಹರವೆಗೆ ಹೋದೆ. ಮಾದಮ್ಮನ ಗಂಡ ಮಾದಯ್ಯ ಹಿತ್ತಿಲಲ್ಲಿ ಹಗ್ಗ ಹೊಸೆಯುತ್ತಿದ್ದ. ಹೇಳಿ ಮುಗಿಸಿದೆ. ಹೊಸೆಯುತ್ತಿದ್ದ ಹಗ್ಗವನ್ನು ಕೆಳಗಿಟ್ಟ.

"ನನ್ಗೊಬ್ನಿಗೇ ಯಾಕೆ ಏಳೀಯೆ? ಅವತ್ತು ಅವುನ್ಗೆ ಊರೇ ಉಗೀತು. ಊರ್ಗೇ ಏಳು, ನಡಿ."

ತಾನೇ ಮುಂದೆ ನಡೆದು ಜನರನ್ನು ಕರೆದ. ಹಾಡಹಗಲಲ್ಲಿ, ಚಾವಡಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ — ದಿಬ್ಬ, ಗೈಡು, ಪ್ರಮಾಣ. ಮಾದಯ್ಯ ನನ್ನ ಮುಖ ನೋಡಲಿಲ್ಲ. ಕ್ಷಮಿಸು ಎಂದು ನಾನೂ ಕೇಳಲಿಲ್ಲ. ಕೇಳಿ ಆತನನ್ನು ಕಷ್ಟಕ್ಕೆ ಸಿಕ್ಕಿಸಬಾರದು ಅನ್ನಿಸಿತು.

ನಾಳೆ ಇದನ್ನೇ ಕೋರ್ಟಿಗೆ ಬರೆದುಕೊಡುತ್ತಿದ್ದೇನೆ. ನೌಕರಿ ಉಳಿಯುವುದಿಲ್ಲ ಎಂದು ವಕೀಲರು ಎರಡು ಸಲ ಹೇಳಿದರು. ಅವ್ವನಿಗೆ ತಿಳಿಸಿದ್ದೇನೆ.

ಹರವೆಯಿಂದ ಇಬ್ಬರು ಹಿರಿಯರು ನಿಮ್ಮನ್ನು ನೋಡಲು ಭೀಮನಬೀಡಿಗೆ ಬರುತ್ತಾರಂತೆ. ಅವರ ಜೊತೆ ನಾನು ಬರುವುದಿಲ್ಲ. ಅವರು ನಿಮ್ಮೆದುರು ತಲೆತಗ್ಗಿಸುವಾಗ ಪಕ್ಕದಲ್ಲಿ ನಿಂತು ನೋಡುವ ಯೋಗ್ಯತೆ ನನಗಿಲ್ಲ. ಬೇರೆ ದಿನ, ಒಬ್ಬನೇ ಬರುತ್ತೇನೆ. ನೀವು ಬಾಗಿಲು ತೆಗೆಯದಿದ್ದರೆ ಜಗಲಿಯ ಮೇಲೆ ಕೂತಿರುತ್ತೇನೆ.