ಕಾರ್ಗಲ್ಲಿನ ಅಸಲಿ ಕ್ವಾಮೆ

ಕಾರ್ಗಲ್ಲಿನಲ್ಲಿ ನನಗೆ ಕಟಿಂಗ್ ಮಾಡುತ್ತಿದ್ದವರು ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿ, "ಹುಟ್ಟಿದ ವಾರ ಹೇಳಿ, ತಲೆ ಆಮೇಲೆ" ಅನ್ನುತ್ತಿದ್ದರು. ಜೋಗ ನೋಡಲು ಬಂದಿದ್ದ ಘಾನಾ ದೇಶದವನೊಬ್ಬ, ತಮ್ಮ ಅಕಾನ್ ಜನರಲ್ಲಿ ಹುಟ್ಟಿದ ವಾರವೇ ಹೆಸರಾಗುತ್ತದೆ, ಶನಿವಾರ ಹುಟ್ಟಿದ ಗಂಡು ಕ್ವಾಮೆ ಎಂದು ಹೇಳಿ, ಏಳೂ ವಾರದ ಪಟ್ಟಿ ಬರೆದುಕೊಟ್ಟು ಹೋಗಿದ್ದ. ಅಂದಿನಿಂದ ಗಿರಾಕಿಗಳಿಗೆಲ್ಲ ನಾಮಕರಣ. ಮಂಗಳವಾರದವರಿಗೆ ಮಾತ್ರ ಹೆಸರಿಲ್ಲ. ಅವತ್ತು ಅಂಗಡಿ ರಜಾ.

ಒಮ್ಮೆ ಇಬ್ಬರು ಸಹಪಾಠಿಗಳ ಜೊತೆ ಹೋದೆ. ಹುಟ್ಟಿದ ವಾರ ನಮಗ್ಯಾರಿಗೂ ಗೊತ್ತಿರಲಿಲ್ಲ; ಅವರೇ ನಮ್ಮ ಆಧಾರ್ ಕಾರ್ಡ್ ನೋಡಿ, ಮೊಬೈಲಿನಲ್ಲಿ ವಾರ ಹುಡುಕಿದರು. ಮೂವರೂ ಕ್ವಾಮೆ! ಶಾಲೆಗೆ ಸೇರಿಸುವಾಗ ಮೇಷ್ಟ್ರು ಇಡೀ ತರಗತಿಗೆ ಜೂನ್ ಒಂದನ್ನೇ ಹುಟ್ಟಿದ ದಿನವೆಂದು ಬರೆದುಬಿಟ್ಟಿದ್ದರು.

"ನಿಮ್ಮೂರಲ್ಲಿ ಬೇರೆ ದಿನ ಹೆರಿಗೇನೇ ಆಗ್ಲಿಲ್ವಾ ಮಾರಾಯ್ರೆ?" ಎಂದು ರೇಗಿಕೊಂಡೇ ನನ್ನ ತಲೆಗೆ ಕತ್ತರಿ ಹಚ್ಚಿದರು.

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಸನಿಯಜ್ಜ ಕೆಮ್ಮಿದರು. "ನಮ್ಮವ್ವ ಶನಿವಾರ ಹೆತ್ಲು, ಸನಿಯ ಅಂತ ಕರದ್ಲು. ಮೇಷ್ಟ್ರನ್ನ ಕೇಳ್ಲಿಲ್ಲ."

ಕತ್ತರಿ ನಿಂತಿತು. ಅರ್ಧ ಕತ್ತರಿಸಿದ ನನ್ನ ತಲೆಯನ್ನು ಹಾಗೇ ಬಿಟ್ಟು, ಅವರು ನನ್ನ ಕೊರಳಿನ ಬಟ್ಟೆ ಬಿಚ್ಚಿ ಕೊಡವಿದರು.

"ಏಳ್ರೀ ಮೇಲೆ. ಅಸಲಿ ಕ್ವಾಮೆ ಬಂದಿದಾರೆ."